ಲಾಂಚ್ ಸಿಕ್ತಾ?



ಹದಿನೆಂಟು ವರ್ಷ ಬೆಂಗಳೂರಿನಲ್ಲಿದ್ದು, ಈಗ ಸಂಸಾರ ಸಮೇತ ತುಮರಿ ಕಡೆಯ ನಮ್ಮೂರಿಗೆ ಮರಳಿದ್ದೇನೆ. ನಕ್ಷೆ ನೋಡಿದವರು ನಮ್ಮೂರು ಪೂರ್ತಿ ದ್ವೀಪವಲ್ಲ, ಹಿಂದೆ ಕಾಡುದಾರಿ ಇದೆ ಎನ್ನಬಹುದು. ಆದರೆ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರು ಏರಿದ ಮೇಲೆ ಸಾಗರಕ್ಕೆ ಹೋಗಲು ನಮಗೆ ಲಾಂಚೇ ಗತಿಯಾಗಿತ್ತು. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಆಚೆ ದಡದಲ್ಲೇ ಯಾರದೋ ಮನೆಯ ಜಗುಲಿ.

2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಈ ಹಿನ್ನೀರಿನ ಮೇಲೆ 2.44 ಕಿ.ಮೀ. ಉದ್ದದ ಸೇತುವೆ ಆಯಿತು. ಈಗ ಐದೇ ನಿಮಿಷ. ಆದರೂ ಪಕ್ಕದ ಮನೆಯ ಅಜ್ಜಿ ಮೊನ್ನೆ ನನ್ನನ್ನು ಕಂಡವರೇ, “ಲಾಂಚ್ ಸಿಕ್ತೇನೋ?” ಎಂದರು. ಅವರಿಗದು ಕುಶಲ ವಿಚಾರಿಸುವ ಮಾತು.

ಲಾಂಚಿಗಾಗಿ ಹಂಬಲಿಸುವುದು ಬೇಡ. ಹೆರಿಗೆ ನೋವಿನವರನ್ನು ದಡದಲ್ಲಿ ಕೂರಿಸಿಕೊಂಡು ಕಾದವರು ನಾವು. ನನ್ನ ತಕರಾರು ಬೇರೆ. ವಾರಾಂತ್ಯದಲ್ಲಿ ಸೇತುವೆಯ ಮೇಲೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರು ಬಾಟಲಿ, ಚಿಪ್ಸ್ ಪೊಟ್ಟಣಗಳನ್ನು ನೀರಿಗೆಸೆದು ಹೋಗುತ್ತಾರೆ. ಬೇಸಿಗೆಯಲ್ಲಿ ನೀರಿಳಿದಾಗ ಮುಳುಗಿದ ಮರಗಳ ಕಪ್ಪು ಬೊಡ್ಡೆಗಳು ಮೇಲೇಳುತ್ತವೆ. ಅವುಗಳಿಗೀಗ ಪ್ಲಾಸ್ಟಿಕ್ ಜೋತಾಡುತ್ತಿದೆ. ಸೇತುವೆಯ ಎರಡೂ ತುದಿಗೆ ಕಸದ ತೊಟ್ಟಿ ಇಟ್ಟು, ರಜಾದಿನಗಳಲ್ಲಾದರೂ ಒಬ್ಬ ಕಾವಲುಗಾರನನ್ನು ನೇಮಿಸಲಿ.

– ಓದುಗ, ಕರೂರು ಹೋಬಳಿ, ಸಾಗರ ತಾಲ್ಲೂಕು