ಬಾಡಿಗೆ ಮನೆಯಲ್ಲಿ ಬಿಡುವುದೇನು, ಒಯ್ಯುವುದೇನು?



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬುದು ಹಿರಿಯರ ಮಾತು. ಈ ಎರಡರ ಕಷ್ಟವನ್ನೂ ಕಂಡುಂಡ ಹಿರಿಯ ಜೀವಗಳಿಗೆ ಈಗ ಮೂರನೆಯದೊಂದು ಬಂದು ಸೇರಿದೆ. ಅದು ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಡುವ ಕಷ್ಟ. ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ನೆಲೆಸುತ್ತಾರೆ. ತಂದೆ ಲಿಂಗೈಕ್ಯರಾದ ಮೇಲೆ ತಾಯಿಯೊಬ್ಬರನ್ನೇ ಊರಿನಲ್ಲಿ ಬಿಡಲು ಮನಸ್ಸು ಬಾರದೆ ಕರೆದೊಯ್ಯುತ್ತಾರೆ. ಮನೆಗೆ ಬೀಗ ಬೀಳುತ್ತದೆ. ದೀಪವಿಲ್ಲದ ಮನೆಗೆ ಗೆದ್ದಲು ಹತ್ತುತ್ತದೆ, ಹೆಂಚು ಸರಿದು ಮಳೆನೀರು ಇಳಿಯುತ್ತದೆ. ಆಗ ಬಾಡಿಗೆಗೆ ಕೊಡೋಣವೆಂಬ ಮಾತು ಹುಟ್ಟುತ್ತದೆ. ಅದರ ಹಿಂದೆಯೇ ಅಣ್ಣತಮ್ಮಂದಿರ ಚರ್ಚೆ ಆರಂಭವಾಗುತ್ತದೆ. ಸಾಮಾನು ಸಹಿತ ಕೊಡುವುದೋ, ಬರಿ ಮನೆ ಕೊಡುವುದೋ?

ಇದು ಲೌಕಿಕದ ಮಾತು, ಮಠದಲ್ಲಿ ಕೇಳುವಂತಹದಲ್ಲ ಎಂದು ಕೆಲವರು ತಿಳಿಯಬಹುದು. ಒಂದು ಹಿತ್ತಾಳೆ ಹಂಡೆಗಾಗಿ, ಒಂದು ತೇಗದ ಮಂಚಕ್ಕಾಗಿ ಒಡಹುಟ್ಟಿದವರು ಮಾತು ಬಿಟ್ಟ ಮನೆಗಳುಂಟು. ಹೀಗಿರುವಾಗ ಇದು ಧರ್ಮದ ಮಾತೂ ಹೌದು.

ಮೊದಲು ಲೌಕಿಕವನ್ನೇ ನೋಡೋಣ. ಅರಸೀಕೆರೆ ಬೆಂಗಳೂರು-ಹುಬ್ಬಳ್ಳಿ ಮಾರ್ಗಕ್ಕೆ ಹಾಸನ, ಮೈಸೂರು, ಮಂಗಳೂರಿನ ಕಡೆಯ ದಾರಿ ಬಂದು ಕೂಡುವ ಜಂಕ್ಷನ್. ರೈಲ್ವೆ ನೌಕರರು, ಶಾಲಾ ಕಾಲೇಜಿನ ಅಧ್ಯಾಪಕರು, ಬ್ಯಾಂಕಿನವರು ವರ್ಗವಾಗಿ ಬರುತ್ತಾರೆ, ಹೋಗುತ್ತಾರೆ. ಸಂಸಾರಸ್ಥರು ತಮ್ಮ ಸಾಮಾನನ್ನು ಲಾರಿಯಲ್ಲಿ ತಂದೇ ಬರುತ್ತಾರೆ. ಅಂಥವರಿಗೆ ನಿಮ್ಮ ಮಂಚ, ಬೀರು, ಮೇಜು ಉಪಕಾರವಲ್ಲ, ಇಕ್ಕಟ್ಟು. ಒಂದು ಪೆಟ್ಟಿಗೆ ಹಿಡಿದು ಬರುವ ಒಂಟಿ ತರುಣನಿಗೆ ಮಾತ್ರ ಮಂಚವೂ ಬೇಕು, ಕುರ್ಚಿಯೂ ಬೇಕು. ಆದ್ದರಿಂದ ಯಾರು ಬರುತ್ತಾರೆಂದು ತಿಳಿಯದೆ ಏನು ಬಿಡಬೇಕೆಂದು ತೀರ್ಮಾನಿಸುವುದು ಜಾಣತನವಲ್ಲ.

ಸಾಮಾನು ಬಿಟ್ಟರೆ ಬಾಡಿಗೆ ಹೆಚ್ಚು ಬರುವುದಲ್ಲವೇ ಎಂದು ಕೇಳುವವರುಂಟು. ತಿಂಗಳಿಗೆ ಸಾವಿರ ರೂಪಾಯಿ ಹೆಚ್ಚು ಬಂತೆಂದೇ ಇಟ್ಟುಕೊಳ್ಳಿ, ವರ್ಷಕ್ಕೆ 12 ಸಾವಿರ. ಫ್ರಿಜ್ಜು ಕೆಟ್ಟರೆ, ಹಾಸಿಗೆ ಹರಿದರೆ, ಮಂಚದ ಕಾಲು ಮುರಿದರೆ ಅದರಲ್ಲಿ ಉಳಿಯುವುದೆಷ್ಟು? ಇದಕ್ಕಿಂತ ದೊಡ್ಡ ನಷ್ಟ ಮನಸ್ಸಿನದು. ಆಸ್ತಿ ವರ್ಗಾವಣೆಯ 1882ರ ಕಾಯಿದೆಯು ಬಾಡಿಗೆದಾರನು ಸ್ವತ್ತನ್ನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕೆಂದು ಹೇಳುತ್ತದೆ. ಆದರೆ ಬಳಕೆಯಿಂದಾಗುವ ಸಹಜ ಸವೆತವನ್ನು ಅದರಿಂದ ಬಿಟ್ಟಿದೆ. ಕಾನೂನು ಒಪ್ಪಿದ ಈ ಸವೆತವನ್ನು ಮಗನ ಮನಸ್ಸು ಒಪ್ಪುವುದಿಲ್ಲ. ಅಪ್ಪ ಕೂರುತ್ತಿದ್ದ ಕುರ್ಚಿಯ ಮೇಲೊಂದು ಗೀಟು ಕಂಡರೂ ಅವನಿಗೆ ಸಿಟ್ಟು ಬರುತ್ತದೆ. ಬಾಡಿಗೆದಾರನಿಗೆ ಅದು ಬರಿಯ ಕುರ್ಚಿ. ಇಬ್ಬರೂ ತಪ್ಪಿತಸ್ಥರಲ್ಲ, ಆದರೂ ಜಗಳ ತಪ್ಪದು. ಸವೆದರೆ ಸಹಿಸಲಾಗದ್ದನ್ನು ಬಾಡಿಗೆಗೆ ಬಿಡಬಾರದು.

ಹಾಗಾದರೆ ಏನು ಮಾಡಬೇಕು? ಮನೆಯ ಸಾಮಾನನ್ನು ಮೂರು ಪಾಲಾಗಿ ನೋಡಿರಿ. ಮನೆಗೆ ಅಂಟಿದ್ದು ಒಂದು ಪಾಲು. ಫ್ಯಾನು, ದೀಪ, ನಲ್ಲಿ, ನೀರೆತ್ತುವ ಮೋಟಾರು ಇವನ್ನು ಸುಸ್ಥಿತಿಯಲ್ಲಿಟ್ಟು ಬಿಡಬೇಕು. ಬಲ್ಬು, ಸ್ವಿಚ್ಚುಗಳನ್ನೂ ಕಿತ್ತೊಯ್ದು ಮನೆ ಕೊಡುವುದು ಸಜ್ಜನರ ಲಕ್ಷಣವಲ್ಲ. ಹಣ ಕೊಟ್ಟರೆ ಮತ್ತೆ ಸಿಗುವಂಥದ್ದು ಎರಡನೆಯ ಪಾಲು. ಮಂಚ, ಮೇಜು, ಕಪಾಟು ಇವನ್ನು ಬರುವವರು ಕೇಳಿದರೆ ಬಿಡಿ, ಬಿಟ್ಟಿದ್ದನ್ನೆಲ್ಲ ಪಟ್ಟಿ ಮಾಡಿ ಇಬ್ಬರೂ ರುಜು ಹಾಕಿ ಕರಾರಿಗೆ ಲಗತ್ತಿಸಿರಿ. ಪಟ್ಟಿ ಬರೆಯುವುದು ಅಪನಂಬಿಕೆಯಲ್ಲ, ನಂಬಿಕೆ ಕೆಡದಂತೆ ಕಟ್ಟುವ ಬೇಲಿ. ಹಣ ಕೊಟ್ಟರೂ ಸಿಗದಿರುವುದು ಮೂರನೆಯ ಪಾಲು. ಹಿರಿಯರ ಭಾವಚಿತ್ರ, ಪೂಜೆಯ ಸಾಮಗ್ರಿ, ಅಜ್ಜಿಯ ಕಾಲದ ಪಾತ್ರೆ, ಜಮೀನಿನ ಕಾಗದಪತ್ರ ಇವುಗಳಲ್ಲಿ ಒಂದನ್ನೂ ಬಿಡಬಾರದು.

ಇಲ್ಲಿ ದೇವರ ಕೋಣೆಯ ಮಾತೊಂದುಂಟು. ದೇವರನ್ನು ಒಳಗಿಟ್ಟು ಬೀಗ ಹಾಕಿ ಉಳಿದ ಮನೆಯನ್ನು ಬಾಡಿಗೆಗೆ ಕೊಡುವವರಿದ್ದಾರೆ. ನೀರಿಲ್ಲ, ಪತ್ರೆಯಿಲ್ಲ, ದೀಪವಿಲ್ಲ. ಇದು ಭಕ್ತಿಯೇ? ದೇವರನ್ನು ನಿಮ್ಮೊಡನೆ ಕರೆದುಕೊಂಡು ಹೋಗಿ ನಿತ್ಯ ಪೂಜಿಸಿರಿ. ಕೋಣೆಯನ್ನು ಗುಡಿಸಿ ಸಾರಿಸಿ ಬಂದವರಿಗೆ ಬಿಟ್ಟುಕೊಡಿರಿ. ಅವರು ಯಾವ ಜಾತಿಯವರೇ ಆಗಲಿ, ತಮ್ಮ ದೇವರನ್ನಿಟ್ಟು ದೀಪ ಹಚ್ಚಿದರೆ ಆ ಮನೆಗೆ ಮೈಲಿಗೆಯಾಗುವುದಿಲ್ಲ, ಬೆಳಕಾಗುತ್ತದೆ.

ಇನ್ನು ಮುಖ್ಯವಾದ ಮಾತಿಗೆ ಬರೋಣ. ಸಾಮಾನು ತೆಗೆಯೋಣವೆಂದಾಗ ಬಹುತೇಕ ಮನೆಗಳಲ್ಲಿ ಬೇಡವೆನ್ನುವವರು ತಾಯಿ. ಈಳಿಗೆ ಮಣೆಯೂ ಇರಲಿ, ಒರಳೂ ಇರಲಿ ಎನ್ನುತ್ತಾರೆ. ಮಕ್ಕಳು ಇದನ್ನು ವ್ಯಾಮೋಹವೆಂದು ನಗಬಾರದು. ಅವರು ಉಳಿಸಿಕೊಳ್ಳಲು ನೋಡುತ್ತಿರುವುದು ಒರಳನ್ನಲ್ಲ. ನಾನು ಈ ಮನೆಗೆ ಮತ್ತೆ ಬರುತ್ತೇನೆಯೇ ಇಲ್ಲವೇ ಎಂಬುದು ಅವರ ಪ್ರಶ್ನೆ. ಅದನ್ನು ಬಾಯಿಬಿಟ್ಟು ಕೇಳಲಾರದೆ ಸಾಮಾನಿನ ನೆಪ ಹಿಡಿದಿದ್ದಾರೆ. ಮಕ್ಕಳು ಮೊದಲು ಉತ್ತರಿಸಬೇಕಾದುದು ಇದಕ್ಕೆ. ಮರಳುವುದುಂಟಾದರೆ ದೀರ್ಘ ಕರಾರು ಮಾಡಬೇಡಿ. ಒಂದು ವರ್ಷಕ್ಕೆ ಮೀರಿದ ಕರಾರಿಗೆ 1908ರ ಕಾಯಿದೆಯಂತೆ ನೋಂದಣಿ ಬೇಕಾಗುವುದರಿಂದ 11 ತಿಂಗಳ ಕರಾರು ರೂಢಿಯಲ್ಲಿದೆ, ಅದೇ ಸಾಕು. ತಾಯಿಯ ಸಾಮಾನಿಗೆ ಒಂದು ಕೋಣೆ ಇರಿಸಿಕೊಳ್ಳಿ, ಆ ಮಾತನ್ನು ಬಾಡಿಗೆಗೆ ಬರುವವರಿಗೆ ಮೊದಲೇ ತಿಳಿಸಿ. ಅಲ್ಲಿಗೆ ಬೇಕೆಂದಾಗಲೆಲ್ಲ ನುಗ್ಗದೆ ಹೇಳಿ ಕಳುಹಿಸಿ ಹೋಗಿರಿ. ಬಾಡಿಗೆ ಕೊಡುವವರೆಗೆ ಅದು ಅವರ ಸಂಸಾರದ ಮನೆ.

ಮರಳುವುದು ಆಗದ ಮಾತಾದರೆ ಅದನ್ನೂ ಮೃದುವಾಗಿ, ಸತ್ಯವಾಗಿ ಹೇಳಿರಿ. ಬಳಿಕ ಆ ಸಾಮಾನನ್ನು ತಾಯಿಯ ಕೈಯಿಂದಲೇ ಕೊಡಿಸಿರಿ. ಹಂಡೆ ಮಗಳಿಗೆ, ಒರಳು ನೆರೆಮನೆಯವರಿಗೆ, ದೊಡ್ಡ ಪಾತ್ರೆಗಳು ದಾಸೋಹದ ಮನೆಗೆ, ಮಂಚ ಇಲ್ಲದವರಿಗೆ. ಬದುಕಿರುವಾಗ ಕೈಯಾರೆ ಕೊಟ್ಟದ್ದು ದಾಸೋಹವಾಗುತ್ತದೆ, ಕಣ್ಮುಚ್ಚಿದ ಮೇಲೆ ಹಂಚಿಕೊಂಡದ್ದು ಜಗಳವಾಗುತ್ತದೆ. ಕಾಯಕದ ಅಕ್ಕಿ ಹೆಚ್ಚು ತಂದ ಮಾರಯ್ಯನವರನ್ನು ಮರಳಿ ಕಳುಹಿಸಿದ ಲಕ್ಕಮ್ಮನವರ ಕಥೆ ನಿಮಗೆ ತಿಳಿದೇ ಇದೆ. ಬೇಕಾದುದಕ್ಕಿಂತ ಹೆಚ್ಚಿನದು ಮನೆಗೆ ಭಾರವೆಂದು ಆ ತಾಯಿ ಕಂಡುಕೊಂಡಿದ್ದರು.

ನಮ್ಮ ಸೀಮೆಯ ಉಂಡೆ ಕೊಬ್ಬರಿ ನಿಮಗೆ ಹೊಸದಲ್ಲ. ಬಲಿತ ಕಾಯಿ ವರ್ಷದ ಹತ್ತಿರ ಅಟ್ಟದ ಮೇಲೆ ಕುಳಿತು, ನೀರಿಂಗಿ, ಒಳಗೆ ಕರಟದಿಂದ ತಾನಾಗಿ ಬಿಡಿಸಿಕೊಳ್ಳುತ್ತದೆ. ಹಸಿ ಕಾಯಿಯನ್ನು ಒಡೆದರೆ ತಿರುಳು ಕರಟಕ್ಕೆ ಅಂಟಿಯೇ ಇರುತ್ತದೆ. ಮಾಗಿದ ಬದುಕೂ ಮನೆಯೊಳಗಿದ್ದು ಮನೆಗೆ ಅಂಟದಂತಿರಬೇಕು. ಆದರೆ ಅದಕ್ಕೆ ಕಾಲ ಬೇಕು. ಹಿರಿಯರನ್ನು ಆತುರಪಡಿಸಿ ಒಂದೇ ದಿನದಲ್ಲಿ ಮನೆ ಬರಿದು ಮಾಡುವುದು ಹಸಿ ಕಾಯಿಯ ತಿರುಳನ್ನು ಕೆರೆದಂತೆ.

ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಈ ಊರಿಗೆ ಹೆಸರು ಬಂದಿತೆಂದು ಹಿರಿಯರು ಹೇಳುತ್ತಾರೆ. ಕಟ್ಟಿಸಿದವಳು ಹೋದಳು, ನೀರು ಊರಿಗೆ ಉಳಿಯಿತು. ನೀವು ಕಟ್ಟಿದ ಮನೆಯೂ ಮತ್ತೊಂದು ಸಂಸಾರಕ್ಕೆ ನೆರಳಾಗಲಿ. ಕೊಡುವುದಾದರೆ ಶುಚಿಯಾದ ಬರಿ ಮನೆಯನ್ನು ತುಂಬಿದ ಮನಸ್ಸಿನಿಂದ ಕೊಡಿರಿ. ಬೀಗದ ಕೈ ಕೊಡುವ ಮುನ್ನ ತಾಯಿಯನ್ನು ಒಂದು ಮಾತು ಕೇಳಿರಿ. ಶಿವನು ಎಲ್ಲರಿಗೂ ಸದ್ಬುದ್ಧಿಯನ್ನೂ ಶಾಂತಿಯನ್ನೂ ಕರುಣಿಸಲಿ.