ಹುಲಿ ಕಂಡಿತು, ಗ್ರಂಥಾಲಯ ಕಾಣಲಿಲ್ಲ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಟಿಪ್ಪು ಸುಲ್ತಾನನ ಮರದ ಹುಲಿಯಿದೆ. ನೆಲಕ್ಕೆ ಬಿದ್ದ ಬಿಳಿಯನ ಮೇಲೆ ಎರಗಿದ ಹುಲಿ. ಹಿಡಿಕೆ ತಿರುಗಿಸಿದರೆ ಹುಲಿಯ ಗರ್ಜನೆಯೂ ಮನುಷ್ಯನ ನರಳಾಟವೂ ಕೇಳುವಂತೆ ಒಳಗೆ ಯಂತ್ರ ಜೋಡಿಸಲಾಗಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಬಳಿಕ ಈಸ್ಟ್ ಇಂಡಿಯಾ ಕಂಪೆನಿ ಇದನ್ನು ಲಂಡನ್ನಿಗೆ ಸಾಗಿಸಿತು. 1808ರಲ್ಲಿ ತನ್ನ ಕಚೇರಿಯಲ್ಲೇ ಪ್ರದರ್ಶನಕ್ಕಿಟ್ಟಿತು. ಸುಲ್ತಾನನ ಕ್ರೌರ್ಯಕ್ಕೆ ಇದೇ ಸಾಕ್ಷಿ ಎಂದು ಸಾರಿತು.

ಅದೇ ಅರಮನೆಯಲ್ಲಿ ಸುಮಾರು 2000 ಸಂಪುಟಗಳ ಗ್ರಂಥಾಲಯವೂ ಕಂಪೆನಿಯ ಕೈಸೇರಿತ್ತು. ಧರ್ಮಶಾಸ್ತ್ರ, ಸೂಫಿ ಚಿಂತನೆ, ಇತಿಹಾಸ, ವೈದ್ಯ, ಗಣಿತ, ಖಗೋಳ, ಕಾವ್ಯ ಎಲ್ಲವೂ ಅದರಲ್ಲಿದ್ದವು. ಚಾರ್ಲ್ಸ್ ಸ್ಟುವರ್ಟ್ 1809ರಲ್ಲಿ ಅದರ ವಿವರವಾದ ಪಟ್ಟಿಯನ್ನೇ ಪ್ರಕಟಿಸಿದ. ಆದರೆ ಗ್ರಂಥಗಳು ಕಲ್ಕತ್ತ, ಲಂಡನ್, ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಕಪಾಟುಗಳಿಗೆ ಹಂಚಿಹೋದವು. ಹುಲಿ ಜನರ ಕಣ್ಣೆದುರು ನಿಂತಿತು. ಪುಸ್ತಕಗಳು ವಿದ್ವಾಂಸರ ಪಾಲಾದವು.

ಹುಲಿ ಸುಳ್ಳಲ್ಲ. ಅದು ಸುಲ್ತಾನನದೇ. ಆದರೆ ಯಾವುದನ್ನು ತೋರಿಸಬೇಕು, ಯಾವುದನ್ನು ಒಳಗಿಡಬೇಕು ಎಂದು ನಿರ್ಧರಿಸಿದವರು ಗೆದ್ದವರು. ತಾವು ಕೊಂದ ದೊರೆ ಓದುಗನಾಗಿದ್ದನೆಂದು ಹೇಳುವುದಕ್ಕಿಂತ ಮೃಗವಾಗಿದ್ದನೆಂದು ಹೇಳುವುದು ಅವರಿಗೆ ಲಾಭದಾಯಕವಾಗಿತ್ತು.

ಇದು ಬ್ರಿಟಿಷರ ಕಥೆಯಷ್ಟೇ ಆಗಿದ್ದರೆ ದೂರಿ ಸುಮ್ಮನಾಗಬಹುದಿತ್ತು. ವಿಪರ್ಯಾಸವೆಂದರೆ, ನಾವು ಕನ್ನಡಿಗರು ಇಂದಿಗೂ ಕಂಪೆನಿ ಆರಿಸಿಕೊಟ್ಟ ವಸ್ತುಗಳನ್ನೇ ಹಿಡಿದು ಜಗಳವಾಡುತ್ತಿದ್ದೇವೆ. ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಆರಂಭಿಸಿದಾಗಲೂ, 2019ರಲ್ಲಿ ರದ್ದುಪಡಿಸಿದಾಗಲೂ ನಡುವೆ ಝಳಪಿಸಿದ್ದು ಖಡ್ಗವೇ. ಅಭಿಮಾನಿಯ ಕೈಯಲ್ಲಿ ಅದು ಶೌರ್ಯ, ದ್ವೇಷಿಯ ಬಾಯಲ್ಲಿ ಅದು ಮತಾಂಧತೆ. 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಒಂದು ಖಡ್ಗ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಮಾರಾಟವಾದಾಗ ಅದು ನಮ್ಮಲ್ಲೂ ದೊಡ್ಡ ಸುದ್ದಿಯಾಯಿತು. ಆ ಗ್ರಂಥಗಳ ಪ್ರತಿಯನ್ನಾದರೂ ತರಿಸಿ ಎಂದು ಬೀದಿಗಿಳಿದವರು ಯಾರು? ಟಿಪ್ಪುವಿನ ಹೆಸರಿನಲ್ಲಿ ಮೆರವಣಿಗೆ ಹೊರಡುವ ನಮ್ಮ ಸಮುದಾಯದ ನಾಯಕರಾದರೂ ಕೇಳಿದರೇ?

ನಮಗೆ ಬೇಕಿರುವುದು ಇನ್ನೊಂದು ವಿಜಯಸ್ತಂಭವಲ್ಲ, ನಿಜವಾದ ವಸ್ತುಸಂಗ್ರಹಾಲಯ. 1791ರಲ್ಲಿ ಮರಾಠಾ ಪಡೆ ಶೃಂಗೇರಿ ಮಠವನ್ನು ದೋಚಿದ ಮೇಲೆ ಟಿಪ್ಪು ಅಲ್ಲಿನ ಸ್ವಾಮಿಗಳಿಗೆ ಬರೆಸಿದ, 1916ರಲ್ಲಿ ಬೆಳಕಿಗೆ ಬಂದ ಕನ್ನಡ ಪತ್ರಗಳು ಅಲ್ಲಿ ಕಾಣಲಿ. 2018ರಲ್ಲಿ ಹೊಸನಗರ ತಾಲೂಕಿನ ನಗರದ ಹಾಳುಬಾವಿಯಲ್ಲಿ ಸಿಕ್ಕ ಸಾವಿರದಷ್ಟು ರಾಕೆಟ್‌ಗಳ ಕಥೆ ಇರಲಿ. ರೇಷ್ಮೆ ಬೆಳೆದವರ, ಆ ರಾಕೆಟ್‌ಗಳಿಗೆ ಕಬ್ಬಿಣ ಬಡಿದವರ ಬದುಕೂ ಇರಲಿ. ಹಾಗೆಯೇ ಕೊಡಗು, ಮಲಬಾರ್, ಮಂಗಳೂರಿನ ಕ್ರೈಸ್ತರು ಅನುಭವಿಸಿದ ನೋವೂ ಅದೇ ಸೂರಿನಡಿ ಇರಲಿ. ಅದನ್ನು ಮುಚ್ಚಿಟ್ಟು ಕಟ್ಟಿದ ಗೌರವ ಬಹುಕಾಲ ಬಾಳದು.

ಇಷ್ಟನ್ನು ಕೇಳಲು ಖಡ್ಗ ಬೇಕಿಲ್ಲ. ಲಂಡನ್ನಿನ, ಕಲ್ಕತ್ತದ ಗ್ರಂಥಾಲಯಗಳಿಗೆ ನಮ್ಮ ವಿಶ್ವವಿದ್ಯಾಲಯಗಳು ಒಂದು ಪತ್ರ ಬರೆದು ಆರಂಭಿಸಬಹುದು. ಬರೆಯುವಂತೆ ಒತ್ತಾಯಿಸುವ ಕೆಲಸ ನಮ್ಮದು.