ರಸೀದಿಯಲ್ಲಿ ಅಡಗಿದ ಆಟದ ದುಡ್ಡು

ಕಾಲೇಜಿಗೆ ಸೇರಿಸುವ ದಿನ ಕೈಗೆ ಬರುವ ರಸೀದಿಯನ್ನು ಎಷ್ಟು ಮಂದಿ ಪೋಷಕರು ಪೂರ್ತಿ ಓದುತ್ತಾರೆ? ಕೆಳಗಿನ ಒಟ್ಟು ಮೊತ್ತ ನೋಡಿ, ನಾಲ್ಕು ಮಡಿಕೆ ಮಾಡಿ ಜೇಬಿಗೆ ಸೇರಿಸುವವರೇ ಹೆಚ್ಚು. ಈಗ ಹಲವೆಡೆ ಹಣ ಕಟ್ಟುವುದು ಮೊಬೈಲಿನಲ್ಲೇ. ಓದದಿರುವ ಅಭ್ಯಾಸ ಮಾತ್ರ ಹಾಗೆಯೇ ಉಳಿದಿದೆ. ಬೋಧನಾ ಶುಲ್ಕ, ಪ್ರಯೋಗಾಲಯ, ಗ್ರಂಥಾಲಯ, ವಾಚನಾಲಯ, ವೈದ್ಯಕೀಯ ತಪಾಸಣೆ, ವಿದ್ಯಾರ್ಥಿ ಕ್ಷೇಮನಿಧಿ ಇತ್ಯಾದಿ ಸಾಲುಗಳ ನಡುವೆ ಎಲ್ಲೋ ಒಂದು ಕಡೆ ‘ಕ್ರೀಡಾ ಶುಲ್ಕ’ ಎಂದೂ ಇರುತ್ತದೆ. ಮೊತ್ತ ಚಿಕ್ಕದು. ಅದನ್ನು ಕುರಿತು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ.

ಕಿಬ್ಬನಹಳ್ಳಿ ಕ್ರಾಸ್ ನಾಲ್ಕು ದಾರಿ ಕೂಡುವ ಜಾಗ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ತುಮಕೂರು ಹೀಗೆ ನಾಲ್ಕು ದಿಕ್ಕಿಗೂ ಬೆಳಿಗ್ಗೆ ಕಾಲೇಜು ಮಕ್ಕಳು ಬಸ್ಸಿಗೆ ಜೋತುಬೀಳುತ್ತಾರೆ. ತೆಂಗಿನ ತೋಟದ ನಡುವಿನ ಊರುಗಳಿಂದ ಬರುವ ಈ ಮಕ್ಕಳಲ್ಲಿ ಕಬಡ್ಡಿ, ಕೊಕ್ಕೊ, ಓಟಗಳಲ್ಲಿ ಕಸುವಿರುವವರು ಪ್ರತಿ ವರ್ಷವೂ ಇರುತ್ತಾರೆ. ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ಗುರುತಿಸಿ ಬೆಳೆಸಿದ ಹುಡುಗಿ ಪದವಿಗೆ ಬಂದ ಮೇಲೂ ಆಡುತ್ತಾಳೋ ಇಲ್ಲವೋ ಎಂಬುದು ಅವಳ ಕಾಲಿನ ಬಲವೊಂದರಿಂದಲೇ ತೀರ್ಮಾನವಾಗುವುದಿಲ್ಲ. ರಸೀದಿಯ ಆ ಒಂದು ಸಾಲೂ ಅದನ್ನು ತೀರ್ಮಾನಿಸುತ್ತದೆ.

ಈ ಹಣ ಹೋಗುವುದೆಲ್ಲಿಗೆ? ಪದವಿ ಕಾಲೇಜುಗಳಲ್ಲಿ ಅದು ಎರಡು ಪಾಲಾಗುತ್ತದೆ. ಒಂದು ಪಾಲು ವಿಶ್ವವಿದ್ಯಾಲಯಕ್ಕೆ. 2004ರಲ್ಲಿ ತುಮಕೂರು ವಿಶ್ವವಿದ್ಯಾಲಯ ಆರಂಭವಾಗುವ ತನಕ ಈ ಸೀಮೆಯ ಕಾಲೇಜುಗಳು ಬೆಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದವು; ಆಗ ಆ ಪಾಲು ಅಲ್ಲಿಗೆ ಹೋಗುತ್ತಿತ್ತು. ಅಂತರ ಕಾಲೇಜು ಪಂದ್ಯಾವಳಿ, ವಿಶ್ವವಿದ್ಯಾಲಯ ತಂಡದ ಆಯ್ಕೆ, ತರಬೇತಿ ಶಿಬಿರ, ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಅಂತರ ವಿಶ್ವವಿದ್ಯಾಲಯ ಕೂಟಗಳಿಗೆ ತಂಡ ಕಳಿಸುವ ಖರ್ಚು, ಇವಕ್ಕೆ ಮುಖ್ಯ ಆಧಾರ ಈ ಪಾಲೇ. ಇನ್ನೊಂದು ಪಾಲು ಕಾಲೇಜಿನಲ್ಲೇ ಉಳಿಯುತ್ತದೆ. ದೈಹಿಕ ಶಿಕ್ಷಣ ನಿರ್ದೇಶಕರ ಸಂಬಳ ಇದರಲ್ಲಿ ಸೇರಿಲ್ಲ. ಸರ್ಕಾರಿ ಕಾಲೇಜಿನ ಕಾಯಂ ಹುದ್ದೆಯಾದರೆ ಅದನ್ನು ಸರ್ಕಾರವೇ ಕೊಡುತ್ತದೆ. ಆದರೆ ಮೇಷ್ಟ್ರಿಗೆ ಸಂಬಳ ಇದ್ದು ಚೆಂಡಿಗೆ ದುಡ್ಡಿಲ್ಲ ಎಂಬ ಸ್ಥಿತಿ ಏನೂ ಅಪರೂಪವಲ್ಲ.

ಒಂದು ಲೆಕ್ಕ ಹಾಕಿ ನೋಡಬಹುದು. ಅಂದಾಜಿಗೆ 600 ವಿದ್ಯಾರ್ಥಿಗಳ ಕಾಲೇಜು, ತಲಾ 100 ರೂಪಾಯಿ ಕ್ರೀಡಾ ಶುಲ್ಕ ಎಂದು ಇಟ್ಟುಕೊಳ್ಳೋಣ. ಒಟ್ಟು 60,000 ರೂಪಾಯಿ. ಅರ್ಧ ಮೇಲಕ್ಕೆ ಹೋದರೆ ಕಾಲೇಜಿಗೆ ಉಳಿಯುವುದು 30,000. ಇಷ್ಟರಲ್ಲಿ ಇಡೀ ವರ್ಷ ನಡೆಯಬೇಕು. ವಾಲಿಬಾಲ್ ನೆಟ್ಟು, ಶಟಲ್ ಕಾಕು, ಕ್ರಿಕೆಟ್ ಬ್ಯಾಟು, ಗುಂಡು, ಭರ್ಜಿ, ಮೈದಾನಕ್ಕೆ ಸುಣ್ಣದ ಗೆರೆ, ವಾರ್ಷಿಕ ಕ್ರೀಡಾಕೂಟದ ಶಾಮಿಯಾನ ಮತ್ತು ಮೈಕು, ಬಹುಮಾನದ ಕಪ್ಪು. ಆಮೇಲೆ ತಂಡಗಳ ಪ್ರಯಾಣ. ಹನ್ನೆರಡು ಆಟಗಾರರ ಕಬಡ್ಡಿ ತಂಡ ಎರಡು ದಿನ ಹೊರಗೆ ಹೋಗಿ ಬಂದರೆ ಒಬ್ಬೊಬ್ಬರಿಗೆ ದಿನಕ್ಕೆ 200 ರೂಪಾಯಿಯ ಊಟ ತಿಂಡಿ ಎಂದರೂ 4,800 ಆಯಿತು. ಬಸ್ ಚಾರ್ಜು ಬೇರೆ. ಇಂಥ ಆರು ತಂಡ ಹೊರಟರೆ ಊಟದ ಬಾಬ್ತೇ 28,800. ಇನ್ನು ನೆಟ್ಟಿಗೆಲ್ಲಿಂದ, ಕಾಕಿಗೆಲ್ಲಿಂದ?

ಆದ್ದರಿಂದ ಬಹುಪಾಲು ಕಾಲೇಜುಗಳು ಒಂದನ್ನು ಬಿಟ್ಟು ಒಂದನ್ನು ಹಿಡಿಯುತ್ತವೆ. ಎಲ್ಲಿ ಬಿಡುತ್ತವೆ ಎಂಬುದನ್ನು ಗಮನಿಸಬೇಕು. ಕ್ರಿಕೆಟ್ ಸಾಮಾನ್ಯವಾಗಿ ಉಳಿಯುತ್ತದೆ, ಅದಕ್ಕೆ ಗಲಾಟೆ ಮಾಡುವ ಹುಡುಗರಿದ್ದಾರೆ. ಹೆಣ್ಣುಮಕ್ಕಳ ಕೊಕ್ಕೊ ತಂಡ ಹೋಗದಿದ್ದರೆ ಕೇಳುವವರು ಕಡಿಮೆ. ದುಡ್ಡು ಕಟ್ಟಿದವರಲ್ಲಿ ಅರ್ಧಕ್ಕರ್ಧ ಹುಡುಗಿಯರು, ಖರ್ಚಿನ ಪಟ್ಟಿಯಲ್ಲಿ ಅವರ ಪಾಲೆಷ್ಟು ಎಂದು ಲೆಕ್ಕ ತೆಗೆದರೆ ಕೆಲವು ಪ್ರಾಂಶುಪಾಲರಿಗೇ ಆಶ್ಚರ್ಯವಾದೀತು.

ಇನ್ನೊಂದು ತೊಡಕು ಮುಂಗಡದ್ದು. ಸರ್ಕಾರಿ ಲೆಕ್ಕವೆಂದರೆ ಕೊಟೇಷನ್, ಬಿಲ್ಲು, ವೋಚರು, ಸಹಿ. ಆದರೆ ಪಂದ್ಯದ ದಿನಾಂಕ ಕೆಲವೊಮ್ಮೆ ಒಂದು ವಾರ ಮೊದಲು ತಿಳಿಯುತ್ತದೆ. ಕಡತ ನಡೆಯುವ ವೇಗಕ್ಕೂ ತಂಡ ಹೊರಡುವ ವೇಗಕ್ಕೂ ತಾಳೆಯಾಗುವುದಿಲ್ಲ. ಆಗ ದೈಹಿಕ ಶಿಕ್ಷಣ ನಿರ್ದೇಶಕರು ತಮ್ಮ ಜೇಬಿನಿಂದ ಹಾಕುತ್ತಾರೆ, ಇಲ್ಲವೇ ಮಕ್ಕಳಿಗೇ ‘ಸದ್ಯಕ್ಕೆ ನೀವು ಹಾಕಿಕೊಳ್ಳಿ, ಬಿಲ್ಲಾದ ಮೇಲೆ ಕೊಡೋಣ’ ಎನ್ನುತ್ತಾರೆ. ಬಿಲ್ಲು ಆಗುವ ಹೊತ್ತಿಗೆ ಪರೀಕ್ಷೆ ಮುಗಿದು ಹುಡುಗ ಊರು ಸೇರಿರುತ್ತಾನೆ. ಐನೂರು ರೂಪಾಯಿ ಕೈಯಲ್ಲಿಲ್ಲದ ಮನೆಯ ಹುಡುಗಿ ಏನು ಹೇಳುತ್ತಾಳೆ? ‘ಸಾರ್, ನನಗೆ ಹುಷಾರಿಲ್ಲ’ ಎನ್ನುತ್ತಾಳೆ. ದುಡ್ಡಿಲ್ಲ ಎಂದು ಹೇಳುವ ಮಕ್ಕಳು ಕಡಿಮೆ. ತಂಡದ ಪಟ್ಟಿಯಲ್ಲಿ ‘ಗೈರುಹಾಜರಿ’ ಎಂದು ಬರೆದ ಹೆಸರುಗಳಲ್ಲಿ ಕೆಲವಾದರೂ ಈ ಬಗೆಯವು.

ಹೆಣ್ಣುಮಕ್ಕಳ ವಿಷಯದಲ್ಲಿ ಇತ್ತೀಚೆಗೆ ಒಂದು ಅನುಕೂಲವಾಗಿದೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಅವರ ಪ್ರಯಾಣ ಉಚಿತವಾಯಿತು. ಅಂದರೆ ತಿಪಟೂರಿನಿಂದ ತುಮಕೂರಿಗೆ ಹೋಗುವ ಬಾಲಕಿಯರ ತಂಡಕ್ಕೆ ಬಸ್ಸಿನ ಬಾಬ್ತು ಶೂನ್ಯ. ಕ್ರೀಡಾ ನಿಧಿಯಲ್ಲಿ ಹೀಗೆ ಉಳಿದ ಹಣ ಬಾಲಕಿಯರ ಬೂಟಿಗೋ ಊಟಕ್ಕೋ ಹೋಗಬೇಕಾದದ್ದು ನ್ಯಾಯ. ಹೋಗುತ್ತಿದೆಯೇ ಎಂದು ಕೇಳುವ ಹಕ್ಕು ಪೋಷಕರಿಗಿದೆ. ರೈಲಿನ ಕಥೆ ತದ್ವಿರುದ್ಧ. ಕ್ರೀಡಾಪಟುಗಳಿಗೆ ಮೊದಲು ಸಿಗುತ್ತಿದ್ದ ರಿಯಾಯಿತಿ ಕೋವಿಡ್ ಸಂದರ್ಭದಲ್ಲಿ, 2020ರ ಮಾರ್ಚ್‌ನಲ್ಲಿ, ಬೇರೆ ಅನೇಕ ರಿಯಾಯಿತಿಗಳ ಜೊತೆ ನಿಂತಿತು. ಹೊರರಾಜ್ಯಕ್ಕೆ ಹೋಗುವ ತಂಡಗಳಿಗೆ ಅದರ ಹೊಡೆತ ಬಿತ್ತು.

ಕೊರತೆ ಬಿದ್ದಾಗ ತೆಂಗಿನ ಸೀಮೆಯಲ್ಲಿ ನೆನಪಾಗುವುದು ಕೊಬ್ಬರಿ ಮಂಡಿ. ಜರ್ಸಿಗೆ, ಟ್ರೋಫಿಗೆ, ಕೂಟದ ಊಟಕ್ಕೆ ವರ್ತಕರನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಕೇಳುವುದು ವಾಡಿಕೆ. ಒಳ್ಳೆಯದೇ. ಆದರೆ ಇದು ಬೆಲೆಯ ಮೇಲೆ ನಿಂತ ಔದಾರ್ಯ. 2023ರಲ್ಲಿ ಉಂಡೆ ಕೊಬ್ಬರಿ ಬೆಂಬಲ ಬೆಲೆಗಿಂತ ಎಷ್ಟೋ ಕೆಳಗೆ ಕುಸಿದು ಬೆಳೆಗಾರರು ಬೀದಿಗಿಳಿದಿದ್ದರು. 2025ರಲ್ಲಿ ಅದೇ ಕೊಬ್ಬರಿ ಕ್ವಿಂಟಲಿಗೆ 25,000 ರೂಪಾಯಿ ದಾಟಿತು. ಬೆಲೆ ಬಿದ್ದ ವರ್ಷ ಕೈಯೊಡ್ಡಲು ಮೇಷ್ಟ್ರಿಗೇ ಸಂಕೋಚ. ಮೂರು ವರ್ಷದ ಪದವಿಯಲ್ಲಿ ಆಡುವ ವಯಸ್ಸಿನ ಹುಡುಗಿ ಮಾರುಕಟ್ಟೆ ಚೇತರಿಸಿಕೊಳ್ಳುವವರೆಗೆ ಕಾಯುವಂತಿಲ್ಲ.

ಮ್ಯಾಟಿನ ವಿಚಾರ ಇನ್ನೂ ದೊಡ್ಡದು. 2014ರಲ್ಲಿ ಪ್ರೊ ಕಬಡ್ಡಿ ಟಿ.ವಿ.ಯಲ್ಲಿ ಬಂದ ಮೇಲೆ ಹಳ್ಳಿಹಳ್ಳಿಗಳಲ್ಲಿ ಆಟಕ್ಕೆ ಹೊಸ ಹುರುಪು ಬಂತು. ದೊಡ್ಡ ಪಂದ್ಯಗಳು ನಡೆಯುವುದು ಮ್ಯಾಟಿನ ಮೇಲೆ, ಅಭ್ಯಾಸ ನಡೆಯುವುದು ಮಣ್ಣಿನ ಮೇಲೆ. ಪುರುಷರ ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಅಷ್ಟಗಲಕ್ಕೂ ಮ್ಯಾಟು ಹಾಸಲು ಲಕ್ಷಗಳ ಮಾತು. ಬರಿಗಾಲಲ್ಲಿ ಮಣ್ಣಿನಲ್ಲಿ ಪಳಗಿದವನು ಬೂಟು ಹಾಕಿ ಮ್ಯಾಟಿನ ಮೇಲೆ ನಿಂತರೆ ಕಾಲು ಹಿಡಿದಂತಾಗುತ್ತದೆ, ತಿರುಗುವಾಗ ಮಂಡಿ ಉಳುಕುತ್ತದೆ. ಇಂಥ ದೊಡ್ಡ ಖರ್ಚು ಕ್ರೀಡಾ ಶುಲ್ಕದಲ್ಲಿ ಆಗುವುದಲ್ಲ. ಹಿಂದೆ ಯುಜಿಸಿ ತನ್ನ ಪಂಚವಾರ್ಷಿಕ ಯೋಜನೆಗಳಲ್ಲಿ ಮಾನ್ಯತೆ ಪಡೆದ ಕಾಲೇಜುಗಳ ಕ್ರೀಡಾ ಸೌಕರ್ಯಕ್ಕೆ ನೆರವು ಕೊಡುತ್ತಿತ್ತು. ಹನ್ನೆರಡನೆಯ ಯೋಜನೆ 2017ರಲ್ಲಿ ಮುಗಿಯಿತು, ಆ ಬಾಗಿಲೂ ಮುಚ್ಚಿತು. 2018ರಿಂದ ಕೇಂದ್ರದ ಖೇಲೋ ಇಂಡಿಯಾ ಹೊಸ ರೂಪದಲ್ಲಿ ಬಂದಿದೆ. ಅದರಲ್ಲಿ ಆಯ್ಕೆಯಾದ ಕ್ರೀಡಾಪಟುವಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿನ ಭತ್ಯೆ ಉಂಟು. ಇದು ಸಣ್ಣ ಮಾತಲ್ಲ. ಆದರೆ ಆ ಮೆಟ್ಟಿಲಿಗೆ ಏರುವ ಮೊದಲಿನ ಹತ್ತು ಮೆಟ್ಟಿಲುಗಳ ಖರ್ಚನ್ನು ಸಣ್ಣ ಕಾಲೇಜೇ ಹೊರಬೇಕು.

ಕರಾವಳಿಯಲ್ಲಿ ಬೇರೆ ದಾರಿ ಕಾಣುತ್ತದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಕ್ರೀಡಾಪಟುಗಳನ್ನು ದತ್ತು ತೆಗೆದುಕೊಂಡು ಊಟ, ವಸತಿ, ಶಿಕ್ಷಣ ಎಲ್ಲವನ್ನೂ ಉಚಿತವಾಗಿ ಕೊಡುತ್ತದೆ. 2020ರ ಜನವರಿಯಲ್ಲಿ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಅಥ್ಲೆಟಿಕ್ ಕೂಟವೇ ಮೂಡುಬಿದಿರೆಯಲ್ಲಿ ನಡೆಯಿತು. ಅಲ್ಲಿ ಖರ್ಚಿನ ಭಾರ ವಿದ್ಯಾರ್ಥಿಯ ಕ್ರೀಡಾ ಶುಲ್ಕದ ಮೇಲಲ್ಲ, ಆಡಳಿತ ಮಂಡಳಿಯ ಮೇಲೆ. ಫಲಿತಾಂಶ ಕಣ್ಣೆದುರಿಗಿದೆ. ಆದರೆ ರಾಜ್ಯದ ಒಳ್ಳೆಯ ಓಟಗಾರರೆಲ್ಲ ಕೆಲವೇ ಹಾಸ್ಟೆಲುಗಳಿಗೆ ಸೇರಿದರೆ ಊರಿನ ಕಾಲೇಜಿನ ಮೈದಾನ ಇನ್ನಷ್ಟು ಬರಿದಾಗುತ್ತದೆ. ಮನೆ ಬಿಟ್ಟು ಹೋಗಲಾರದ ಮಕ್ಕಳಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಕಿಬ್ಬನಹಳ್ಳಿಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ದೂರದ ಕಾಲೇಜೇ ಗತಿ.

ಅಮೆರಿಕದಲ್ಲಿ ಕಾಲೇಜು ಆಟವೆಂದರೆ ಕೋಟಿಗಟ್ಟಲೆ ವ್ಯವಹಾರ ಎಂದು ಕೇಳಿದವರಿದ್ದಾರೆ. ನಿಜ. 2025ರ ಜೂನ್‌ನಲ್ಲಿ ಅಲ್ಲಿನ ನ್ಯಾಯಾಲಯ ಒಪ್ಪಿದ ರಾಜಿ ಒಪ್ಪಂದದಂತೆ ಒಂದೊಂದು ವಿಶ್ವವಿದ್ಯಾಲಯ ವರ್ಷಕ್ಕೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. ಆದರೆ ಅಷ್ಟೊಂದು ಟಿ.ವಿ. ಹಣವಿರುವ ದೇಶದಲ್ಲೂ ತನ್ನ ಸಂಪಾದನೆಯಲ್ಲೇ ಖರ್ಚು ತೂಗಿಸುವ ಕ್ರೀಡಾ ವಿಭಾಗಗಳು ಬೆರಳೆಣಿಕೆಯಷ್ಟು. ಉಳಿದವು ನಡೆಯುವುದು ಕಾಲೇಜಿನ ಸಾಮಾನ್ಯ ನಿಧಿಯಿಂದ ಮತ್ತು ವಿದ್ಯಾರ್ಥಿಗಳು ಕಟ್ಟುವ ಕ್ರೀಡಾ ಶುಲ್ಕದಿಂದ. ಪಂದ್ಯವನ್ನೇ ನೋಡದ ವಿದ್ಯಾರ್ಥಿಯೂ ಕಟ್ಟಬೇಕು. ಹಾಗಾಗಿ ಅಲ್ಲಿನ ಪೋಷಕರೂ ಈ ಒಂದು ಸಾಲನ್ನು ಕುರಿತು ಪ್ರಶ್ನೆ ಎತ್ತುತ್ತಾರೆ.

ಇಲ್ಲಿ ಪ್ರಶ್ನೆ ಕೇಳುವುದು ಹೇಗೆ? ಜಗಳ ಬೇಡ. ಪೋಷಕರ ಸಭೆಯಲ್ಲಿ, ಕಳೆದ ವರ್ಷ ಕ್ರೀಡಾ ಶುಲ್ಕ ಎಷ್ಟು ಬಂತು, ಯಾವ ಆಟಕ್ಕೆ ಎಷ್ಟು ಹೋಯಿತು, ಬಾಲಕಿಯರ ಯಾವ ತಂಡಗಳು ಹೊರಗೆ ಆಡಿದವು ಎಂದು ಮೂರು ಮಾತು ಕೇಳಿದರೆ ಸಾಕು. ಸರ್ಕಾರಿ ಪದವಿ ಕಾಲೇಜುಗಳಲ್ಲಿ ಶಾಸಕರ ಅಧ್ಯಕ್ಷತೆಯ ಅಭಿವೃದ್ಧಿ ಸಮಿತಿ ಇರುತ್ತದೆ, ಅಲ್ಲಿಯೂ ಕೇಳಬಹುದು. ನ್ಯಾಕ್ ಸಂಸ್ಥೆಗೆ ಕಾಲೇಜು ಸಲ್ಲಿಸಿದ ಸ್ವಯಂ ಅಧ್ಯಯನ ವರದಿಯಲ್ಲಿ ಮೈದಾನದ ಸೌಕರ್ಯ, ಕ್ರೀಡಾ ಪ್ರಶಸ್ತಿಗಳ ವಿವರವಿರುತ್ತದೆ. ಅದನ್ನು ಓದಿಕೊಂಡು ಹೋದರೆ ಮಾತಿಗೆ ತೂಕ. ಉತ್ತರ ಬರದಿದ್ದರೆ ಸರ್ಕಾರಿ ಕಾಲೇಜಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. ಕರ್ನಾಟಕದಲ್ಲಿ ಶುಲ್ಕ 10 ರೂಪಾಯಿ, ಅರ್ಜಿ 150 ಪದ ಮೀರಬಾರದು, ಒಂದೇ ವಿಷಯದ ಮೇಲಿರಬೇಕು. ಆದರೆ ಪಿ.ಡಿ. ಮೇಷ್ಟ್ರನ್ನು ಕಟಕಟೆಗೆ ನಿಲ್ಲಿಸಬಾರದು. ಎಷ್ಟೋ ಕಡೆ ಕೊರತೆಯನ್ನು ತುಂಬುತ್ತಿರುವವರು ಅವರೇ.

ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಕಾಲೇಜಿನಿಂದ ತಂಡ ಹೋಗದ ವರ್ಷ ‘ರಾಷ್ಟ್ರಮಟ್ಟದ ಪಂದ್ಯಾವಳಿ, ಪ್ರವೇಶ ಶುಲ್ಕ ಕಟ್ಟಿದರೆ ಪ್ರಮಾಣಪತ್ರ ಖಚಿತ’ ಎಂದು ಕರೆಯುವವರು ಸಿಗುತ್ತಾರೆ. ಆ ಕೂಟ ನಡೆಸುವ ಸಂಸ್ಥೆಗೆ ಮಾನ್ಯತೆ ಇಲ್ಲದಿದ್ದರೆ ಸಾವಿರಾರು ರೂಪಾಯಿ ತೆತ್ತು ತಂದ ಆ ಕಾಗದ ವೃತ್ತಿ ಕೋರ್ಸುಗಳ ಕ್ರೀಡಾ ಕೋಟಾದಲ್ಲಾಗಲಿ ನೌಕರಿಯಲ್ಲಾಗಲಿ ನಿಲ್ಲುವುದಿಲ್ಲ. ಯಾವ ಕೂಟಗಳಿಗೆ ಮಾನ್ಯತೆ ಎಂಬುದನ್ನು ಪರೀಕ್ಷಾ ಪ್ರಾಧಿಕಾರದ ಆಯಾ ವರ್ಷದ ಮಾಹಿತಿ ಪುಸ್ತಕದಲ್ಲಿ ನೋಡಿಕೊಂಡು ಆಮೇಲೆ ಹೊರಡುವುದು ಲೇಸು. ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾದವರು ಅರ್ಹತಾ ಪತ್ರದಲ್ಲಿ ತಮ್ಮ ಹೆಸರು, ಹುಟ್ಟಿದ ದಿನಾಂಕ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಬರೆದಿದೆಯೇ ಎಂದು ಆಯ್ಕೆಯ ದಿನವೇ ನೋಡಿಕೊಳ್ಳಬೇಕು.